ಪುಸ್ತಕದಂಗಡಿಯ ಯಜಮಾನರು ಯಾರು?

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ತರಕಾರಿ ಕೊಂಡು, ಹಾಗೆಯೇ ಒಂದು ಪುಸ್ತಕದಂಗಡಿಯನ್ನು ಹೊಕ್ಕಾಗ, ‘ಇದರ ಯಜಮಾನರು ಯಾರು?’ ಎಂದು ತಾವು ಎಂದಾದರೂ ಕೇಳಿದ್ದುಂಟೆ? ಬೆಲೆ ಕೇಳುತ್ತೇವೆ, ರಿಯಾಯಿತಿ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ. ಆದರೆ ಯಾವ ಪುಸ್ತಕ ಕಪಾಟನ್ನೇರಬೇಕೆಂದು ತೀರ್ಮಾನಿಸುವವರು ಅವರೇ ಅಲ್ಲವೆ?

ದುಡಿಯುವವರೇ ಒಡೆಯರಾಗುವ ಪ್ರಯೋಗ ನಮ್ಮ ಊರಿಗೆ ಹೊಸದೇನಲ್ಲ. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ನೌಕರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಸಹಕಾರದ ನಿಯಮ ಸರಳ: ಪಾಲು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಪುಸ್ತಕಕ್ಕೂ ಇದು ಒಗ್ಗದ ಮಾತಲ್ಲ. ಕೇರಳದ ಕೋಟ್ಟಯಂನಲ್ಲಿ 1945ರಲ್ಲಿಯೇ 12 ಮಂದಿ ಲೇಖಕರು 120 ರೂಪಾಯಿ ಬಂಡವಾಳದಿಂದ ತಮ್ಮದೇ ಪ್ರಕಾಶನ ಸಂಘವನ್ನು ಆರಂಭಿಸಿದ್ದರು.

ನಮ್ಮಲ್ಲಿ ಈ ಕಥೆ ಎರಡು ಕವಲಾಗಿ ಹರಿಯಿತು. ಎರಡರಲ್ಲಿಯೂ ಕಾಣುವ ಹೆಸರು ನಿರಂಜನ. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತರನ್ನು 1943ರಲ್ಲಿ ಗಲ್ಲಿಗೇರಿಸಿದ ವೃತ್ತಾಂತವನ್ನು ‘ಚಿರಸ್ಮರಣೆ’ಯಾಗಿ ಬರೆದವರು ಅವರು. ಕರ್ನಾಟಕ ಸಹಕಾರಿ ಪ್ರಕಾಶನ ಮಂದಿರಕ್ಕಾಗಿ ಅವರು ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನು 7 ಸಂಪುಟಗಳಲ್ಲಿ ಸಂಪಾದಿಸಿದರು. ತಮ್ಮ ಮನೆಯ ಕಪಾಟಿನಲ್ಲಿಯೂ ಅದರ ಒಂದು ಸಂಪುಟ ಇದ್ದೀತು, ನೋಡಿ.

ಇನ್ನೊಂದು ಕವಲು, 1960ರಲ್ಲಿ ಎಡಪಂಥೀಯರು ಬೆಂಗಳೂರಿನಲ್ಲಿ ತೊಡಗಿಸಿದ ನವಕರ್ನಾಟಕ ಪ್ರಕಾಶನ. ಇದು ಕಾಫಿ ಹೌಸಿನಂತೆ ನೌಕರರ ಸಂಘವಲ್ಲ, ಕಾಯಿದೆಯ ಪ್ರಕಾರ ಖಾಸಗಿ ಕಂಪೆನಿ. ಈ ಭೇದವನ್ನು ಮುಚ್ಚಿಡುವುದು ತರವಲ್ಲ. ಆದರೂ ಲಾಭವನ್ನೇ ಗುರಿಯಾಗಿ ಇಟ್ಟುಕೊಂಡ ಅಂಗಡಿ ಅದಾಗಿರಲಿಲ್ಲ. ಮಾಸ್ಕೋದಲ್ಲಿ ಅಚ್ಚಾದ ಗ್ರಂಥಗಳು ಅಲ್ಲಿ ಕೈಗೆಟಕುವ ಬೆಲೆಗೆ ದೊರೆಯುತ್ತಿದ್ದವು. ಮಾರ್ಕ್ಸ್, ಲೆನಿನ್ನರ ಪಕ್ಕದಲ್ಲಿಯೇ ಗಾರ್ಕಿ, ಟಾಲ್‌ಸ್ಟಾಯ್. ಬಣ್ಣದ ಚಿತ್ರಗಳ ಮಕ್ಕಳ ಕಥೆಗಳು. ಗಣಿತ, ಭೌತಶಾಸ್ತ್ರದ ದಪ್ಪ ದಪ್ಪ ಹೊತ್ತಗೆಗಳು. ರಾಜಕೀಯಕ್ಕೆ ಕೈಮುಗಿದು ದೂರ ನಿಲ್ಲುವ ಗೃಹಸ್ಥರೂ ಮಗನ ಇಂಜಿನಿಯರಿಂಗ್ ಓದಿಗೆಂದು ಆ ಪುಸ್ತಕಗಳನ್ನು ಕೊಂಡರು!

ಪಾರ್ಶ್ವವಾಯು ಪೀಡಿತರಾದ ಮೇಲೂ ನಿರಂಜನರು ಕೈಕಟ್ಟಿ ಕೂರಲಿಲ್ಲ. 1980ರ ಸುಮಾರಿಗೆ ‘ವಿಶ್ವಕಥಾಕೋಶ’ದ ಸಂಪಾದಕತ್ವವನ್ನು ಹೊತ್ತರು: 25 ಸಂಪುಟಗಳು, ನಾನಾ ದೇಶಗಳ ಸಣ್ಣ ಕಥೆಗಳು, ಎಲ್ಲವೂ ಕನ್ನಡದಲ್ಲಿ. ಪ್ರಕಟಿಸಿದ್ದು ನವಕರ್ನಾಟಕ. ಪರದೇಶದ ಪುಸ್ತಕ ಮಾರುವುದಕ್ಕಿಂತ ಇದು ಕಠಿಣವಾದ ಕೆಲಸ. ನನ್ನ ಮಟ್ಟಿಗೆ ಆ ಅಂಗಡಿಯ ನಿಜವಾದ ಆಸ್ತಿ ಇದೇ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಮಾಸ್ಕೋದ ಅಗ್ಗದ ಪುಸ್ತಕಗಳು ಬರುವುದು ನಿಂತಿತು. ಅವನ್ನೇ ನಂಬಿದ್ದ ಅಂಗಡಿಯಾಗಿದ್ದರೆ ಅಂದೇ ಬಾಗಿಲು ಹಾಕಬೇಕಿತ್ತು. ನವಕರ್ನಾಟಕ ಬಾಗಿಲು ಹಾಕಲಿಲ್ಲ. ವಿಜ್ಞಾನ, ಆರೋಗ್ಯ, ಚರಿತ್ರೆಗಳ ಕನ್ನಡ ಪುಸ್ತಕಗಳನ್ನು ತಾನೇ ಅಚ್ಚುಹಾಕುತ್ತ ಬಂದಿತು. ‘ವಿಶ್ವಕಥಾಕೋಶ’ವೂ ಮುಂದೆ ಮರುಮುದ್ರಣಗೊಂಡಿತು.