ಪಾಸಾದವರು, ಬಲ್ಲವರು

ನಮ್ಮ ಬೆಟ್ಟದಪುರದ ಕಡೆ ಯಾರಿಗಾದರೂ ಸರ್ಕಾರಿ ಕೆಲಸ ಸಿಕ್ಕಿತು ಅಂದರೆ ಹಿರಿಯರು ಮೊದಲು ಕೇಳೋದು "ಯಾವ ಪರೀಕ್ಷೆ ಪಾಸ್ ಮಾಡಿದ?" ಅಂತ. ಕೆಲಸ ಬರುತ್ತಾ ಅನ್ನೋ ಪ್ರಶ್ನೆ ಆಮೇಲಿನದು, ಎಷ್ಟೋ ಸಲ ಅದನ್ನು ಯಾರೂ ಕೇಳೋದೇ ಇಲ್ಲ!

ನನ್ನ ಚಿಕ್ಕಪ್ಪನ ಮಗ ಸರ್ಕಾರಿ ಗುಮಾಸ್ತ. ಹಳೇ ಕಡತ ಯಾವ ಕಪಾಟಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲ. ಆದರೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗದಿದ್ದರೆ ಬಡ್ತಿಗೂ ಕಷ್ಟ, ಇನ್‌ಕ್ರಿಮೆಂಟಿಗೂ ಕಷ್ಟ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನ ಕಥೆಯೂ ಹೆಚ್ಚು ಕಡಿಮೆ ಇದೇ. ವರ್ಷ ವರ್ಷ ಹೊಸ ಸರ್ಟಿಫಿಕೇಟು. ಈ ಕಾಗದದ ಮಹಿಮೆ ನಮ್ಮ ಮೈಸೂರು ಸೀಮೆಯಲ್ಲಿ ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಹೋದೆ.

ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಶಿಫಾರಸು, ಪರಿಚಯಗಳ ಮೇಲೆ ನಡೆಯುತ್ತಿದ್ದ ಲೋಕದಲ್ಲಿ ಇದು ಸಣ್ಣ ಬದಲಾವಣೆ ಅಲ್ಲ. ಯಾರ ಮಗ ಅನ್ನೋದಕ್ಕಿಂತ ಎಷ್ಟು ಅಂಕ ಅನ್ನೋದು ಮುಖ್ಯವಾಯ್ತು. ತಮಾಷೆ ಅಂದರೆ, ಅದೇ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅದೇ ಪರೀಕ್ಷೆ ಪಾಸಾಗಿ 1914ರಲ್ಲಿ ಅಸಿಸ್ಟೆಂಟ್ ಕಮಿಷನರ್ ಆದರು. ಕೊನೆಗೆ 1943ರಲ್ಲಿ, ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಹುದ್ದೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಪರೀಕ್ಷೆ ಒಳಗೆ ಕರೆದುಕೊಂಡು ಹೋಗುತ್ತೆ, ತುತ್ತತುದಿಗೆ ಹತ್ತಿಸುತ್ತೆ ಅಂತೇನೂ ಇಲ್ಲ.

ಆದರೆ ನಿಜವಾದ ಜಗಳ ಬೇರೆ ಇತ್ತು. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಸರಿ. ಅದಕ್ಕೆ ತಯಾರಾಗೋ ಅವಕಾಶ? ನಮ್ಮೂರನ್ನೇ ನೋಡಿ. ಸಂಕೇತಿಗಳ ಮನೆಗಳಲ್ಲಿ ಓದು ತಲೆಮಾರುಗಳಿಂದ ಬಂದದ್ದು. ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳು ದನ ಮೇಯಿಸುತ್ತಿದ್ದರು. ಇಡೀ ಸಂಸ್ಥಾನದ ಸ್ಥಿತಿಯೂ ಹೀಗೇ ಇತ್ತು. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟಿದ್ದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದಿದ್ದರು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅವರ ಅಹವಾಲನ್ನು ಕೇಳಿದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಹುದ್ದೆ ಹಂಚೋಕೆ ಹೋದರೆ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋದು ದಿವಾನ್ ವಿಶ್ವೇಶ್ವರಯ್ಯನವರ ಆತಂಕ. ಅವರು ಆ ವರ್ಷದ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. 1919ರಲ್ಲಿ ಬಂದ ಮಿಲ್ಲರ್ ವರದಿ ಈ ದಕ್ಷತೆಯ ವಾದಕ್ಕೇ ಉತ್ತರ ಕೊಟ್ಟಿತು. ದಕ್ಷತೆಯನ್ನು ಬರೀ ಓದಿನ ಅರ್ಹತೆಯಿಂದ ಅಳೆಯಬಾರದು, ಪ್ರಾಮಾಣಿಕತೆ, ಸಹಾನುಭೂತಿ, ಹುರುಪು, ಸಾಮಾನ್ಯ ಜ್ಞಾನ ಕೂಡ ಒಳ್ಳೆ ಅಧಿಕಾರಿಯನ್ನು ಮಾಡುತ್ತವೆ ಅನ್ನೋದು ಅದರ ಸಾರ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಅಂತ ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರದ ಆದೇಶವೂ ಆಯ್ತು. ನೂರು ವರ್ಷದ ಹಿಂದೆ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದರಲ್ಲ ಅಂತ ನನಗಂತೂ ಆಶ್ಚರ್ಯ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಕಡೆ ಬೆಳೆಯೋದು ಹೊಗೆಸೊಪ್ಪು. ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ನಡೀತಾ ಇದೆ. ಬೆಳೆಯೋಕೆ ನೋಂದಣಿ ಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು. ಆದರೆ ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ, ಮುಟ್ಟಿ ನೋಡಿ ಗ್ರೇಡ್ ಮಾಡೋ ಹೆಂಗಸರ ಹತ್ತಿರ ಯಾವ ಕಾಗದವೂ ಇಲ್ಲ. ಕಂಪಲಾಪುರದ ಹರಾಜಿನಲ್ಲಿ ಬೇಲಿಗೆ ಒಳ್ಳೆ ರೇಟು ಬರಬೇಕಾದರೆ ಆ ಕೈ ಸರಿಯಾಗಿರಬೇಕು. ಕೂಲಿ ಕೊಡುವಾಗ ಮಾತ್ರ ಅವರು ಬರೀ ಆಳುಗಳು, ಪರಿಣತರಲ್ಲ.

ಹಾಗಂತ ಪರೀಕ್ಷೆ ಬೇಡ ಅಂತ ನಾನು ಹೇಳಲ್ಲ. ಪರೀಕ್ಷೆ ಇಲ್ಲದ ಕಡೆ ಮತ್ತೆ ಶಿಫಾರಸೇ ಬಂದು ಕೂರುತ್ತೆ. ಬಡವರ ಮನೆ ಮಕ್ಕಳಿಗೆ ಇವತ್ತಿಗೂ ಆ ಒಂದು ಕಾಗದವೇ ಬಂಡವಾಳ. ಆದರೆ ಕಾಗದ ಕೇಳುವವರು ಕಲಿಯೋಕೆ ಸಮಯವನ್ನೂ ಕೊಡಲಿ, ಕಾಗದ ಇಲ್ಲದವರ ಕೆಲಸವನ್ನೂ ಒಮ್ಮೆ ನೋಡಲಿ. ತಮ್ಮನಿಗೆ ಪುಸ್ತಕ ಕಳಿಸಿದ್ದೀನಿ, ಓದ್ತಾ ಇದ್ದಾನೆ. ಪಾಸೂ ಆಗ್ತಾನೆ. ಅವನಿಗೆ ಗೊತ್ತಿರೋ ಆ ಹಳೇ ಕಡತಗಳ ವಿದ್ಯೆಗೆ ಅಂಕ ಕೊಡೋರು ಯಾರು, ನೀವೇ ಹೇಳಿ.