ಚಿತ್ರದುರ್ಗದ ಕಲ್ಲಿನ ಕೋಟೆ: ಇತಿಹಾಸ ಮತ್ತು ಐತಿಹ್ಯ

ಚಿತ್ರದುರ್ಗ ಜಿಲ್ಲೆಯ ಕೇಂದ್ರ ಸ್ಥಾನವಾದ ಚಿತ್ರದುರ್ಗವು ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ. ಹೆಬ್ಬಂಡೆಗಳಿಂದ ಕೂಡಿದ ಗುಡ್ಡಗಳ ಸಾಲಿನ ಮೇಲೆ ನಿರ್ಮಿತವಾದ ಇಲ್ಲಿಯ ಕೋಟೆಯು 'ಏಳು ಸುತ್ತಿನ ಕೋಟೆ' ಹಾಗೂ 'ಕಲ್ಲಿನ ಕೋಟೆ' ಎಂದು ಪ್ರಸಿದ್ಧವಾಗಿದೆ.

ಪೌರಾಣಿಕ ಹಿನ್ನೆಲೆ
ಮಹಾಭಾರತದ ಹಿಡಿಂಬಾಸುರನು ಈ ಬೆಟ್ಟದಲ್ಲಿ ವಾಸವಾಗಿದ್ದನೆಂದೂ, ವನವಾಸದ ಕಾಲದಲ್ಲಿ ಭೀಮಸೇನನು ಅವನನ್ನು ಸಂಹರಿಸಿದನೆಂದೂ ಪ್ರತೀತಿಯಿದೆ. ಬೆಟ್ಟದ ಮೇಲಿನ ಹಿಡಿಂಬೇಶ್ವರ ದೇವಾಲಯವು ಈ ಐತಿಹ್ಯವನ್ನು ನೆನಪಿಸುತ್ತದೆ.

ಚಾರಿತ್ರಿಕ ಹಿನ್ನೆಲೆ
ಬೆಟ್ಟದ ತಪ್ಪಲಿನ ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲಿ ಶಾತವಾಹನರ ಹಾಗೂ ರೋಮನ್ ನಾಣ್ಯಗಳು ದೊರೆತಿವೆ. ಕದಂಬ ವಂಶದ ಮಯೂರಶರ್ಮನು ಇಲ್ಲಿ ಕೆರೆ ನಿರ್ಮಿಸಿದ ವಿಷಯವನ್ನು ಅಲ್ಲಿಯ ಪ್ರಾಕೃತ ಶಾಸನವು ತಿಳಿಸುತ್ತದೆ. ವಿಜಯನಗರದ ಸಾಮಂತರಾಗಿದ್ದ ನಾಯಕರು ಮುಂದೆ ಸ್ವತಂತ್ರರಾಗಿ ಆಳಿ ಕೋಟೆಯನ್ನು ಬಲಪಡಿಸಿದರು. ಮತ್ತಿ ತಿಮ್ಮಣ್ಣ ನಾಯಕನು ಈ ಮನೆತನದ ಸ್ಥಾಪಕನು. ಕೊನೆಯ ಅರಸನಾದ ಮದಕರಿ ನಾಯಕನ ಕಾಲದಲ್ಲಿ, 1779ರಲ್ಲಿ, ದುರ್ಗವು ಹೈದರ್ ಅಲಿಯ ವಶವಾಯಿತು. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು.

ನೀರಿನ ವ್ಯವಸ್ಥೆ
ದೀರ್ಘಕಾಲದ ಮುತ್ತಿಗೆಯನ್ನು ಎದುರಿಸಲು ಗೋಡೆಯಷ್ಟೇ ನೀರೂ ಅವಶ್ಯಕ. ಬಂಡೆಗಳ ಮೇಲೆ ಬಿದ್ದ ಮಳೆನೀರನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಮುಂತಾದವುಗಳಲ್ಲಿ ಸಂಗ್ರಹಿಸಲಾಗುತ್ತಿತ್ತು. ಮೇಲಿನ ಹೊಂಡ ತುಂಬಿ ಹರಿದ ನೀರು ಕೆಳಗಿನ ಹೊಂಡವನ್ನು ಸೇರುತ್ತಿತ್ತು. ಕಡಿಮೆ ಮಳೆಯ ಈ ಸೀಮೆಯಲ್ಲಿ ಇದು ಇಂದಿಗೂ ಗಮನಾರ್ಹವಾದ ವ್ಯವಸ್ಥೆಯಾಗಿದೆ.

ಓಬವ್ವನ ಕಿಂಡಿ
ಕೋಟೆ ಎಷ್ಟೇ ಭದ್ರವಾಗಿದ್ದರೂ ಬಂಡೆಗಳ ನಡುವೆ ಒಬ್ಬರೇ ನುಸುಳಬಹುದಾದ ಕಿರಿದಾದ ಕಿಂಡಿಯೊಂದಿತ್ತು. ಕಾವಲುಗಾರನು ಊಟಕ್ಕೆ ಕುಳಿತಿದ್ದಾಗ, ನೀರು ತರಲು ಹೋದ ಆತನ ಪತ್ನಿ ಓಬವ್ವಳು ಹೈದರನ ಸೈನಿಕರು ಒಳನುಸುಳುವುದನ್ನು ಕಂಡಳೆಂದೂ, ಒಬ್ಬೊಬ್ಬರನ್ನೇ ಒನಕೆಯಿಂದ ಬಡಿದು ಕೊಂದು ಕೋಟೆಯನ್ನು ಕಾಪಾಡಿದಳೆಂದೂ ಜನಪರಂಪರೆ ಹೇಳುತ್ತದೆ. ಆಕೆಯ ಕೈಯಲ್ಲಿದ್ದುದು ಆಯುಧವಲ್ಲ, ಮನೆಯಲ್ಲಿ ನಿತ್ಯ ಬಳಸುವ ಒನಕೆ. ಅರಸರ ಹೆಸರುಗಳ ಜೊತೆಗೆ ಸಾಮಾನ್ಯ ಸ್ತ್ರೀಯೊಬ್ಬಳ ಹೆಸರೂ ದುರ್ಗದಲ್ಲಿ ಉಳಿದಿರುವುದು ಇದರಿಂದಲೇ. 2021ರಿಂದ ರಾಜ್ಯ ಸರ್ಕಾರವು ನವೆಂಬರ್ 11ರಂದು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ.

ನೋಡತಕ್ಕ ಇತರ ಸ್ಥಳಗಳು
ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ ಮತ್ತು ಗೋಪಾಲಕೃಷ್ಣ ದೇವಾಲಯಗಳು, ಮದ್ದು ಅರೆಯುವ ಬೃಹತ್ ಬೀಸುಕಲ್ಲುಗಳು, ಎಣ್ಣೆ ಕೊಳ, ತಣ್ಣೀರು ದೋಣಿ.

ಸಾರ್ವಜನಿಕರ ಗಮನಕ್ಕೆ
ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. ಇಂತಹ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದನ್ವಯ ಶಿಕ್ಷಾರ್ಹ ಅಪರಾಧ. ಬಂಡೆ ಹಾಗೂ ಗೋಡೆಗಳ ಮೇಲೆ ಹೆಸರು ಕೊರೆಯದಂತೆ, ಹೊಂಡಗಳಲ್ಲಿ ತ್ಯಾಜ್ಯ ಎಸೆಯದಂತೆ ಸಂದರ್ಶಕರನ್ನು ಕೋರಲಾಗಿದೆ.