ಸೈಗಾನ್ ಬಿದ್ದ ಮರುದಿನದ ಮತದಾನ

1975ರ ಮೇ 1ರಂದು ಅಮೆರಿಕದ ಪ್ರತಿನಿಧಿ ಸಭೆ ಮತಕ್ಕೆ ಹಾಕಿದ ಮಸೂದೆಯ ಹೆಸರು ‘ವಿಯೆಟ್ನಾಂ ಮಾನವೀಯ ನೆರವು ಮತ್ತು ತೆರವು ಕಾಯ್ದೆ’. ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿನಿಂದ ಜನರನ್ನು ಸಾಗಿಸಲು ಹಣ, ಆ ಕೆಲಸಕ್ಕೆ ಸೇನೆಯನ್ನು ಬಳಸಲು ಅನುಮತಿ, ಎರಡೂ ಅದರಲ್ಲಿದ್ದವು. ತೊಡಕೆಂದರೆ, ಸೈಗಾನ್ ಹಿಂದಿನ ದಿನವೇ ಉತ್ತರ ವಿಯೆಟ್ನಾಮಿನ ಟ್ಯಾಂಕುಗಳ ವಶವಾಗಿತ್ತು. ಹೋಗಬೇಕಾದ ಹೆಲಿಕಾಪ್ಟರುಗಳು ಹೋಗಿ ಬಂದೂ ಆಗಿತ್ತು. ಸಭೆ 162ಕ್ಕೆ 246 ಮತಗಳಿಂದ ಮಸೂದೆಯನ್ನು ತಳ್ಳಿಹಾಕಿತು.

ಸತ್ತ ಮಸೂದೆಗಳ ಇತಿಹಾಸವನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಇದರದ್ದು ಮಾತ್ರ ಬರೆಯಬೇಕಾದ ಕತೆ.

ಮೂರು ವಾರ ಹಿಂದಕ್ಕೆ ಹೋಗೋಣ. ಏಪ್ರಿಲ್ 10ರ ರಾತ್ರಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳ ಜಂಟಿ ಅಧಿವೇಶನದ ಮುಂದೆ ನಿಂತರು. ನಿಕ್ಸನ್ ರಾಜೀನಾಮೆ ಕೊಟ್ಟಾಗ ಕುರ್ಚಿಗೆ ಬಂದಿದ್ದ ಫೋರ್ಡ್ ಜನರ ಮತದಿಂದ ಆರಿಸಿ ಬಂದ ಅಧ್ಯಕ್ಷರಲ್ಲ. ಅವರ ಕೈಗೆ ಬಂದಿದ್ದ ಯುದ್ಧವೂ ಬೇರೆಯವರು ಹೂಡಿದ್ದು. ಮಾರ್ಚ್ ಕೊನೆಯಲ್ಲಿ ದಾನಾಂಗ್ ನಗರ ಬಿದ್ದಿತ್ತು, ದಕ್ಷಿಣದ ಸೇನೆ ಕರಗುತ್ತಿತ್ತು. ಫೋರ್ಡ್ ಕೇಳಿದ್ದು 72.2 ಕೋಟಿ ಡಾಲರ್ ಸೇನಾ ನೆರವು, ಜೊತೆಗೆ 25 ಕೋಟಿ ಡಾಲರ್ ಆರ್ಥಿಕ ಮತ್ತು ಮಾನವೀಯ ನೆರವು. ಏಪ್ರಿಲ್ 19ರೊಳಗೆ ತೀರ್ಮಾನ ಬೇಕು ಎಂದೂ ಹೇಳಿದರು. ಮಾತಿನ ನಡುವೆಯೇ ಇಬ್ಬರು ಹೊಸ ಸದಸ್ಯರು ಎದ್ದು ಹೊರನಡೆದರು.

ಹಣಕ್ಕಿಂತ ಜಟಿಲವಾಗಿದ್ದದ್ದು ಅವರ ಮೂರನೆಯ ಬೇಡಿಕೆ. 1973ರ ಆಗಸ್ಟ್ 15ರ ನಂತರ ಇಂಡೋಚೀನಾದಲ್ಲಿ ಅಮೆರಿಕದ ಪಡೆಗಳು ಕಾದಾಡಲು ಒಂದು ಡಾಲರನ್ನೂ ವ್ಯಯಿಸಕೂಡದು ಎಂದು ಕಾಂಗ್ರೆಸ್ ಕಾನೂನು ಮಾಡಿಟ್ಟಿತ್ತು. ಹಾಗಿರುವಾಗ, ಜನರನ್ನು ಕರೆತರಲು ಇಳಿದ ಮರೀನ್ ಸೈನಿಕನ ಮೇಲೆ ಯಾರಾದರೂ ಗುಂಡು ಹಾರಿಸಿದರೆ ಅವನು ತಿರುಗಿ ಹಾರಿಸುವುದು ಕಾನೂನುಬದ್ಧವೇ? ಅಮೆರಿಕದ ಪ್ರಜೆಗಳ ಮಟ್ಟಿಗೆ ಹೌದು ಎಂದು ವಾದಿಸಬಹುದಿತ್ತು. ವರ್ಷಗಟ್ಟಲೆ ಅಮೆರಿಕದ ಕಚೇರಿಗಳಲ್ಲಿ ಗುಮಾಸ್ತರಾಗಿ, ದುಭಾಷಿಗಳಾಗಿ, ಚಾಲಕರಾಗಿ ದುಡಿದ ವಿಯೆಟ್ನಾಮೀಯರ ಮಟ್ಟಿಗೆ? ಆ ಗೆರೆ ಯಾರಿಗೂ ಸ್ಪಷ್ಟವಿರಲಿಲ್ಲ. ಅದನ್ನು ಸ್ಪಷ್ಟ ಮಾಡಿಕೊಡಿ ಎಂದು ಫೋರ್ಡ್ ಕೇಳಿದರು.

ಏಪ್ರಿಲ್ 14ರಂದು ಸೆನೆಟ್ಟಿನ ವಿದೇಶಾಂಗ ಸಮಿತಿಯವರು ಶ್ವೇತಭವನಕ್ಕೇ ಬಂದು ಕೂತರು. ನ್ಯೂಯಾರ್ಕಿನ ಸೆನೆಟರ್ ಜೇಕಬ್ ಜಾವಿಟ್ಸ್ ಅವರ ನಿಲುವು ಚುಟುಕು: ತೆರವಿಗೆ ಬೇಕಾದಷ್ಟು ಕೊಡೋಣ, ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ತಿಯು ಅವರ ಸೇನೆಗೆ ಬಿಡಿಗಾಸೂ ಇಲ್ಲ. ಆಗ 32ರ ಹರೆಯದ ಜೋ ಬೈಡನ್ ಕೂಡ ಅಲ್ಲಿದ್ದರು. ಅಮೆರಿಕನ್ನರನ್ನು ಹೊರತರಲು ಎಷ್ಟು ಹಣಕ್ಕೂ ಮತ ಹಾಕುತ್ತೇನೆ, ವಿಯೆಟ್ನಾಮೀಯರ ವಿಷಯವನ್ನು ಅದರೊಂದಿಗೆ ಬೆರೆಸಬೇಡಿ ಎಂಬುದು ಅವರ ವಾದ. ಎಲ್ಲರ ಒಳಗಿನ ಅಂಜಿಕೆ ಒಂದೇ ಆಗಿತ್ತು. ‘ತೆರವು’ ಎಂದು ಒಳಹೋದ ಸೇನೆ ಅಲ್ಲಿಯೇ ಬೀಡುಬಿಟ್ಟರೆ? ಹನ್ನೊಂದು ವರ್ಷದ ಹಿಂದೆ, 1964ರಲ್ಲಿ, ವಿಯೆಟ್ನಾಮಿನಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರವಿತ್ತ ಟೊಂಕಿನ್ ಕೊಲ್ಲಿಯ ನಿರ್ಣಯಕ್ಕೆ ಇದೇ ಕಾಂಗ್ರೆಸ್ ಆತುರದಲ್ಲಿ ಒಪ್ಪಿಗೆ ಕೊಟ್ಟು ಕೈ ಸುಟ್ಟುಕೊಂಡಿತ್ತು. ಸದಸ್ಯರ ಹಿಂಜರಿಕೆಯನ್ನು ಬರೀ ಕಠೋರತೆ ಎಂದು ಬರೆದುಬಿಡುವುದು ಸುಲಭ, ಆದರೆ ನ್ಯಾಯವಲ್ಲ.

ಸೇನಾ ನೆರವಿನ ಬೇಡಿಕೆ ಸಮಿತಿಗಳಲ್ಲೇ ಅಸುನೀಗಿತು. ಉಳಿದದ್ದು ಮಾನವೀಯ ನೆರವು ಮತ್ತು ತೆರವು. ಏಪ್ರಿಲ್ 23ರಂದು ಸೆನೆಟ್ ತನ್ನ ಮಸೂದೆಯನ್ನು ಅಂಗೀಕರಿಸಿತು. ಪ್ರತಿನಿಧಿ ಸಭೆ ದಿನವಿಡೀ ವಾಗ್ವಾದ ನಡೆಸಿ ನಡುರಾತ್ರಿ ದಾಟಿದ ಮೇಲೆ ತನ್ನದನ್ನು ಪಾಸು ಮಾಡಿತು. ಎರಡನ್ನೂ ಹೊಂದಿಸಲು ಜಂಟಿ ಸಮಿತಿ ಕೂತಿತು, ಮೊತ್ತ 32.7 ಕೋಟಿ ಡಾಲರಿಗೆ ನಿಂತಿತು. ಸೆನೆಟ್ ಏಪ್ರಿಲ್ 25ರಂದೇ ಅದಕ್ಕೆ ಸೈ ಎಂದಿತು. ಇನ್ನು ಬೇಕಿದ್ದದ್ದು ಪ್ರತಿನಿಧಿ ಸಭೆಯ ಕೊನೆಯ ಒಂದು ಮತದಾನ.

ಅಷ್ಟರಲ್ಲಿ ಸೈಗಾನಿನಲ್ಲಿ ಇನ್ನೊಂದು ಜಗ್ಗಾಟ. ಅಮೆರಿಕದ ರಾಯಭಾರ ಕಚೇರಿಯ ಅಂಗಳದಲ್ಲಿ ದೊಡ್ಡದೊಂದು ಹುಣಸೆ ಮರವಿತ್ತು. ದೊಡ್ಡ ಹೆಲಿಕಾಪ್ಟರ್ ಇಳಿಯಬೇಕಾದರೆ ಅದನ್ನು ಉರುಳಿಸಲೇಬೇಕು. ರಾಯಭಾರಿ ಗ್ರಹಾಂ ಮಾರ್ಟಿನ್ ಸುತರಾಂ ಒಪ್ಪಲಿಲ್ಲ. ಮರ ಬಿದ್ದರೆ ಅಮೆರಿಕನ್ನರು ಗಂಟುಮೂಟೆ ಕಟ್ಟುತ್ತಿದ್ದಾರೆಂದು ಊರಿಗೆಲ್ಲ ಡಂಗುರ ಸಾರಿದಂತೆ, ಜನ ದಂಗೆಯೇಳುತ್ತಾರೆ ಎಂಬುದು ಅವರ ಲೆಕ್ಕ. ಏಪ್ರಿಲ್ 29ರ ನಸುಕಿನಲ್ಲಿ ತಾನ್ ಸನ್ ನ್ಯೂಟ್ ವಿಮಾನ ನಿಲ್ದಾಣದ ಮೇಲೆ ರಾಕೆಟ್ ದಾಳಿಯಾಗಿ ಇಬ್ಬರು ಮರೀನರು ಸತ್ತರು. ರನ್‌ವೇ ಬಳಸುವಂತಿರಲಿಲ್ಲ. ಆಗ ಮರ ಬಿತ್ತು. ಸೇನಾ ರೇಡಿಯೊದಲ್ಲಿ ಏಪ್ರಿಲ್ ಸೆಕೆಯಲ್ಲಿ ‘ವೈಟ್ ಕ್ರಿಸ್‌ಮಸ್’ ಹಾಡು ಕೇಳಿಬಂತು. ಹೊರಡಿ ಎಂಬುದಕ್ಕೆ ಮೊದಲೇ ಗೊತ್ತುಮಾಡಿದ್ದ ಸಂಕೇತ ಅದು. ಒಂದು ಹಗಲು, ಒಂದು ರಾತ್ರಿಯೊಳಗೆ ಸುಮಾರು 7,000 ಜನರನ್ನು ಹೆಲಿಕಾಪ್ಟರುಗಳು ಹಡಗುಗಳಿಗೆ ಮುಟ್ಟಿಸಿದವು. ಅವರಲ್ಲಿ ಹೆಚ್ಚಿನವರು ವಿಯೆಟ್ನಾಮೀಯರು. ಕೊನೆಯ ಹೆಲಿಕಾಪ್ಟರ್ ಹೊರಟಾಗ ರಾಯಭಾರ ಕಚೇರಿಯ ಆವರಣದಲ್ಲೇ ನಾನೂರಕ್ಕೂ ಹೆಚ್ಚು ಜನ ತಮ್ಮ ಸರದಿಗೆ ಕಾಯುತ್ತಿದ್ದರು.

ಇಷ್ಟೂ ನಡೆದದ್ದು ಮಸೂದೆ ಕಾನೂನಾಗದೆಯೇ. ಏಪ್ರಿಲ್ 29ಕ್ಕೆ ಗೊತ್ತಾಗಿದ್ದ ಮತದಾನವನ್ನು ಕಾರ್ಯಾಚರಣೆ ಮುಗಿಯಲೆಂದು ಮುಂದೂಡಲಾಯಿತು. ಫೋರ್ಡ್ ಸಂವಿಧಾನ ತಮಗಿತ್ತ ಅಧಿಕಾರವನ್ನು ಆಧರಿಸಿ ಸೇನೆ ಕಳಿಸಿದರು, ಆಮೇಲೆ ಕಾಂಗ್ರೆಸ್ಸಿಗೆ ಪತ್ರ ಬರೆದು ತಿಳಿಸಿದರು. ಖರ್ಚು ಹಿಂದೆ ಮಂಜೂರಾಗಿದ್ದ ವಿದೇಶಿ ನೆರವಿನ ಹಣದಿಂದ ಹೊರಟಿತು.

ಮೇ 1ರಂದು ವಿರೋಧಿಸಿದವರು ಒಂದೇ ಬಣದವರಲ್ಲ. ಮುಗಿದ ಕಾರ್ಯಾಚರಣೆಗೆ ಈಗ ಸೇನಾ ಅನುಮತಿಯೇಕೆ ಎಂದವರು ಯುದ್ಧವಿರೋಧಿಗಳು. ನಿರಾಶ್ರಿತರೇ ಬೇಡ ಎನ್ನುವವರಿಗೂ ಅದೊಂದು ಒಳ್ಳೆಯ ನೆಪವಾಯಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಶೇಕಡಾ 54 ಅಮೆರಿಕನ್ನರು ನಿರಾಶ್ರಿತರನ್ನು ಸೇರಿಸಿಕೊಳ್ಳುವುದು ಬೇಡವೆಂದಿದ್ದರು, ಬೇಕೆಂದವರು ಶೇಕಡಾ 36. ದೇಶದಲ್ಲಿ ನಿರುದ್ಯೋಗ ಏರಿತ್ತು. ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಕೂಡ ಮೊದಮೊದಲು ಅಡ್ಡಗಾಲು ಹಾಕಿದರು. ಫೋರ್ಡ್ ಮತದಾನದ ದಿನವೇ ಹೇಳಿಕೆ ಕೊಟ್ಟು ತಮ್ಮ ಬೇಸರ ಮುಚ್ಚಿಡಲಿಲ್ಲ.

ನಿರಾಶ್ರಿತರು ಅಷ್ಟರಲ್ಲಿ ದಾರಿಯಲ್ಲಿದ್ದರು. ಗುವಾಂ ದ್ವೀಪದಲ್ಲಿ ಡೇರೆಗಳ ಊರೇ ಎದ್ದಿತ್ತು. ಶ್ವೇತಭವನ ಈ ಬಾರಿ ಸೇನೆಯ ಮಾತೆತ್ತದೆ, ಬರೀ ಪುನರ್ವಸತಿಗೆಂದು 50.7 ಕೋಟಿ ಡಾಲರ್ ಕೇಳಿತು. ಮೇ 14ರಂದು ಅದೇ ಪ್ರತಿನಿಧಿ ಸಭೆ 381ಕ್ಕೆ 31 ಮತಗಳಿಂದ ಹೊಸ ಮಸೂದೆಗೆ ಅಸ್ತು ಎಂದಿತು. ಎರಡೇ ವಾರದಲ್ಲಿ ಸದಸ್ಯರ ಹೃದಯ ಕರಗಿತೆನ್ನುವುದಕ್ಕಿಂತ, ಗಂಟು ಬಿಡಿಸಿದ ಮೇಲೆ ಮತ ಸಲೀಸಾಯಿತು ಎನ್ನುವುದೇ ಸರಿ. ಚರ್ಚುಗಳು, ಯಹೂದಿ ಸಂಘಟನೆಗಳು, ಕಾರ್ಮಿಕ ಒಕ್ಕೂಟ ನಿರಾಶ್ರಿತರ ಪರ ನಿಂತದ್ದೂ ನೆರವಾಯಿತು. ತಮಾಷೆಯೆಂದರೆ ಅದೇ ದಿನ, ಕಾಂಬೋಡಿಯಾದವರು ಹಿಡಿದಿಟ್ಟಿದ್ದ ಅಮೆರಿಕದ ಸರಕು ಹಡಗು ‘ಮಾಯಗೆಝ್’ ಅನ್ನು ಬಿಡಿಸಲು ಫೋರ್ಡ್ ಯಾರ ಅನುಮತಿಗೂ ಕಾಯದೆ ಮರೀನರನ್ನು ಕಳಿಸಿದರು. ಕಾಂಗ್ರೆಸ್ಸಿನ ಬಹುಪಾಲು ಸದಸ್ಯರು ಚಪ್ಪಾಳೆ ತಟ್ಟಿದರು.

ಮೇ 23ರಂದು ಫೋರ್ಡ್ ಸಹಿ ಹಾಕಿದ ಕಾಯ್ದೆ 45.5 ಕೋಟಿ ಡಾಲರಿಗೆ ಅಧಿಕಾರ ಕೊಟ್ಟಿತು. ಸುಮಾರು 1,30,000 ಜನ ಪೆಂಡಲ್ಟನ್, ಚಾಫಿ, ಎಗ್ಲಿನ್, ಇಂಡಿಯನ್‌ಟೌನ್ ಗ್ಯಾಪ್ ಎಂಬ ನಾಲ್ಕು ಸೇನಾ ನೆಲೆಗಳ ಮೂಲಕ ಹಾದು ದೇಶದೊಳಕ್ಕೆ ಚದುರಿದರು. ಹೆಚ್ಚಿನವರಿಗೆ, ಕುಟುಂಬದ ಹೊಣೆ ಹೊರಲು ಯಾರಾದರೂ ಮುಂದೆ ಬಂದರಷ್ಟೇ ಬಿಡುಗಡೆ. ಪ್ರಾಯೋಜಕರನ್ನು ಹುಡುಕಿಕೊಟ್ಟ ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರ ತಲೆಗೆ 500 ಡಾಲರ್ ಕೊಟ್ಟಿತು. ಡಿಸೆಂಬರ್ 20ಕ್ಕೆ ಕೊನೆಯ ಶಿಬಿರ ಚಾಫಿಯೂ ಮುಚ್ಚಿತು. ಎಲ್ಲರೂ ಉಳಿಯಲು ಒಪ್ಪಲಿಲ್ಲ. ಗುವಾಂನಲ್ಲಿದ್ದ ಸುಮಾರು 1,500 ಮಂದಿ ಹಟ ಹಿಡಿದು, ಅಕ್ಟೋಬರಿನಲ್ಲಿ ‘ವಿಯೆಟ್ನಾಂ ಥುವಾಂಗ್ ತಿನ್’ ಹಡಗೇರಿ ಊರಿಗೆ ಮರಳಿದರು. ಹೊಸ ಸರ್ಕಾರ ಅವರನ್ನು ಬರಮಾಡಿಕೊಂಡದ್ದು ಮರುಶಿಕ್ಷಣ ಶಿಬಿರಗಳಿಗೆ.

ಕಾಯ್ದೆ ಹೆಸರಿಸಿದ್ದು ವಿಯೆಟ್ನಾಂ ಮತ್ತು ಕಾಂಬೋಡಿಯಾದವರನ್ನು ಮಾತ್ರ. ಲಾವೋಸಿನ ಗುಡ್ಡಗಳಲ್ಲಿ ಅಮೆರಿಕದ ಗುಪ್ತ ಯುದ್ಧಕ್ಕಾಗಿ ಹೋರಾಡಿದ ಹ್ಮಾಂಗ್ ಜನ ಆ ಮೇ ತಿಂಗಳಲ್ಲೇ ಥಾಯ್ಲೆಂಡಿಗೆ ಓಡುತ್ತಿದ್ದರು. ಅವರ ದೇಶದ ಹೆಸರು ಕಾಯ್ದೆಗೆ ಸೇರಿದ್ದು 1976ರ ತಿದ್ದುಪಡಿಯಲ್ಲಿ.